ಕೈಗೆಟುಕುವ ಗೋಡೆ

ಫೆಬ್ರವರಿ ೫, ಗುರುವಾರ

…ಅಂದಮೇಲೆ ಆ ಕಡೆ ಯಾರೂ ಇಲ್ಲ ಅಂತ ಹೇಗೆ ಹೇಳ್ತೀಯ, ಎಂದಳೋ. ಅಂದಮೇಲೆ ಆ ಕಡೆ ಯಾರೋ ಇರಲೇಬೇಕಲ್ಲ, ಎಂದಳೋ. ಎರಡರಲ್ಲಿ ಒಂದು. ಅಕ್ಕನ ಆ ಮಾತಿನ ಮೊದಲರ್ಧ ಸ್ಪಷ್ಟವಾಗಿ ನೆನಪಿದೆ: "ಇಷ್ಟು ಜನ, ಇಷ್ಟು ಕಾಲ, ಒಬ್ಬರಿಗೊಬ್ಬರ ಪರಿಚಯವೂ ಇಲ್ಲದೆ ದೇವರೇ ಅಂತ ಕೂಗಿದಾರೆ." ಮುಂದಿನದು ಬರುವ ಹೊತ್ತಿಗೆ ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬ್ರಷ್ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಸುರಿಯುತ್ತಿತ್ತು. ಆಮೇಲೆ ಮಾತಾಡೋಣ ಎಂದು ಇಟ್ಟೆ.

ಅದು ಸೋಮವಾರ ಸಂಜೆ. ಮಂಗಳವಾರ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಕುಸಿದಳು. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿವೆ. ಎಷ್ಟು ಹಿಂದಿರುಗುತ್ತವೆ ಎಂದು ಈಗಲೇ ಹೇಳಲಾಗದು.

ಆ ಎರಡು ವಾಕ್ಯಗಳು ಒಂದೇ ಅಲ್ಲ. ಮೊದಲನೆಯದು ದೇವರಿಲ್ಲ ಎಂದುಬಿಡುವ ನನ್ನ ಅವಸರಕ್ಕೆ ಹಾಕಿದ ಲಗಾಮು. ಎರಡನೆಯದು ತೀರ್ಪು. ಹೈಸ್ಕೂಲಿನಲ್ಲಿ ಜೀವಮಾನವಿಡೀ ಇತಿಹಾಸ ಪಾಠ ಹೇಳಿದವಳು ಅಕ್ಕ. 'ಗೊತ್ತಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರವನ್ನು ನನಗೆ ಕಲಿಸಿದವಳೂ ಅವಳೇ. ಹಾಗಾಗಿ ಮೊದಲನೆಯದನ್ನೇ ಹೇಳಿರಬೇಕು. ಆದರೆ ಪ್ರತಿದಿನ ಕಣ್ಣುಮುಚ್ಚಿ ಐದು ನಿಮಿಷ ಕೂರುವವಳೂ ಅವಳೇ. ಹಾಗಾಗಿ ಎರಡನೆಯದನ್ನು ಹೇಳಿರಬಹುದು.

ಐಸಿಯು ಹೊರಗಿನ ಬೆಂಚಿನಲ್ಲಿ ಭಾವ ಪಕ್ಕದಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಕನ್ನಡಕದ ಅಂಗಡಿ ಅವರದು. ದುಃಖವಾದಾಗ ಒರೆಸುತ್ತಾರೆ, ಸಿಟ್ಟು ಬಂದಾಗಲೂ.

"ಏನು ಯೋಚನೆ?"

"ಅವಳು ಹೇಳಿದ ಒಂದು ವಾಕ್ಯ. ಪೂರ್ತಿ ನೆನಪಾಗ್ತಿಲ್ಲ."

"ಎದ್ದ ಮೇಲೆ ಕೇಳು. ಒಂದು ಕೇಳಿದ್ರೆ ಹತ್ತು ಹೇಳ್ತಾಳೆ" ಎಂದರು. ಮತ್ತೆ ಒರೆಸತೊಡಗಿದರು.

ಫೆಬ್ರವರಿ ೯, ಸೋಮವಾರ

ಪ್ರಾಣಾಪಾಯ ಕಳೆಯಿತು. ಡಾಕ್ಟರು ಇದನ್ನು ಹೇಳುವಾಗ ಅವರ ಕೈಯಲ್ಲೊಂದು ಅರ್ಧ ತಿಂದ ಬಿಸ್ಕತ್ತು ಇತ್ತು. ಅಂಥ ಮಾತನ್ನು ಹಾಗೆ ಹೇಳಬಹುದು ಎಂದು ತಿಳಿದು ಸಮಾಧಾನವಾಯಿತು.

ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದೆ. ನರ್ಸಿಗೆ ಹೇಳಿದೆ. ಲಿಫ್ಟಿನವನಿಗೆ ಹೇಳಿದೆ, ಅವನು ಯಾವ ಮಹಡಿ ಎಂದು ಕೇಳಿದ. ಗೇಟಿನ ಹತ್ತಿರ ಆಂಬುಲೆನ್ಸ್ ಡ್ರೈವರ್ ಗಾಡಿ ತೊಳೆಯುತ್ತಿದ್ದ. ಅಕ್ಕನನ್ನು ತಂದವನು ಇವನೇನಾ ಗೊತ್ತಿಲ್ಲ, ಅವನಿಗೂ ಹೇಳಿದೆ. ಎಲ್ಲರಿಗೂ ಹಂಚಿ ಆದಮೇಲೂ ಸ್ವಲ್ಪ ಉಳಿದಿತ್ತು. ಎಲ್ಲಿಡಬೇಕೋ ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಬಂದೆ.

ಫೆಬ್ರವರಿ ೧೬, ಸೋಮವಾರ

ಅಕ್ಕ ಮಾತಾಡಿದಳು. "ಛತ್ರಿ."

ಭಾವ ಒಂದೇ ಉಸಿರಿಗೆ ಮನೆಗೆ ಹೋಗಿ ಛತ್ರಿ ತಂದರು. ಅಕ್ಕ ಅದನ್ನು ನೋಡಿ, ಭಾವನನ್ನು ನೋಡಿ, ಬಹಳ ಬೇಸರದಿಂದ "ಛತ್ರಿ" ಎಂದಳು. ಮಧ್ಯಾಹ್ನ ನೀರು ಬೇಕಾದಾಗ ಛತ್ರಿ. ದಿಂಬು ಜಾರಿದಾಗ ಛತ್ರಿ. ನನ್ನ ಕೈ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, ಮೆಲ್ಲಗೆ, ಛತ್ರಿ.

ಒಂದೇ ಪದ ಉಳಿದು ಎಲ್ಲಕ್ಕೂ ಅದೇ ಬರುವುದು ಈ ಕಾಯಿಲೆಯಲ್ಲಿ ಉಂಟಂತೆ. ಯಾಕೆ ಆ ಪದವೇ ಎಂದರೆ ಯಾರಿಗೂ ಗೊತ್ತಿಲ್ಲ.

"ಮದುವೆ ಆದಾಗಿನಿಂದ ಮನಸ್ಸಲ್ಲಿ ಇಟ್ಕೊಂಡಿದ್ದಳು" ಎಂದರು ಭಾವ. "ಈಗ ಮುಖಕ್ಕೆ ಮುಖ ಕೊಟ್ಟು ಹೇಳ್ತಿದಾಳೆ, ನೀನೊಬ್ಬ ಛತ್ರಿ ಅಂತ."

ತಂದ ಛತ್ರಿಯನ್ನು ವಾಪಸು ಒಯ್ಯಲು ಅವರಿಗೆ ಮನಸ್ಸಾಗಲಿಲ್ಲ. ಮಂಚದ ಕಂಬಿಗೆ ತೂಗುಹಾಕಿದ್ದಾರೆ.

ಫೆಬ್ರವರಿ ೨೦, ಶುಕ್ರವಾರ

ಕೆಲಸಕ್ಕೆ ಮರಳಿದೆ. ಹಳೆಯ ಗೋಡೆಗಳನ್ನು ಉಳಿಸುವುದು ನನ್ನ ಕಸುಬು. ಈ ಸಲದ್ದು ಒಂದು ಪ್ರಾರ್ಥನಾಮಂದಿರ. ಈಗ ಯಾರದ್ದೂ ಅಲ್ಲ. ಹಿಂದೆ ನಾಲ್ಕು ಮಂದಿಯದು ಆಗಿತ್ತು: ಒಬ್ಬರನ್ನು ಓಡಿಸಿ ಇನ್ನೊಬ್ಬರು, ಅವರನ್ನು ಓಡಿಸಿ ಮತ್ತೊಬ್ಬರು. ಬಂದವರೆಲ್ಲ ಹಿಂದಿನವರ ಗೋಡೆಯ ಮೇಲೆ ತಮ್ಮ ಗಾರೆ ಬಳಿದು ತಮ್ಮ ದೇವರನ್ನು ಬರೆಸಿದರು. ಕೆಳಗಿನ ಪದರದಲ್ಲಿ ಕೆಂಪು ಅಂಚು, ಅದರ ಮೇಲೆ ಅಕ್ಷರಗಳು, ಅದರ ಮೇಲೆ ನೀಲಿಯಲ್ಲಿ ನಕ್ಷತ್ರ, ಎಲ್ಲಕ್ಕೂ ಮೇಲೆ ಬರೀ ಬಿಳುಪು. ಮುಚ್ಚಿಹೋದ ಪ್ರತಿ ಪದರದ ಮೈತುಂಬ ಉಳಿಯೇಟಿನ ಗುರುತು. ನೋಡಲು ಬಂದವರು ದ್ವೇಷ ಎನ್ನುತ್ತಾರೆ. ಅದು ಗಾರೆಯವನ ಕೆಲಸ, ಅಷ್ಟೆ. ಹಳೆಯದಕ್ಕೆ ಗಾಯ ಮಾಡದಿದ್ದರೆ ಹೊಸದು ಹಿಡಿಯುವುದಿಲ್ಲ.

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು ನಮ್ಮ ರೂಢಿ. ಪದರ ಬಿಟ್ಟುಕೊಂಡ ಕಡೆ ಸದ್ದು ಪೊಳ್ಳು. ಹಾಗೆ ತಟ್ಟುತ್ತ ಹೋಗುವಾಗ ಮುಖ್ಯ ಬಾಗಿಲಿನ ಬಲಕ್ಕೆ, ನನ್ನ ಭುಜಕ್ಕಿಂತ ತುಸು ಕೆಳಗೆ, ತಟ್ಟೆಯಷ್ಟು ಜಾಗ ಪೊಳ್ಳೆಂದಿತು. ಒಂದೊಂದೇ ಪದರ ಚೂರು ಚೂರು ಎತ್ತಿ ನೋಡಿದೆವು. ನಾಲ್ಕರಲ್ಲೂ ಅದೇ ಜಾಗದಲ್ಲಿ ಕಂದು ಕಲೆ, ಜಿಡ್ಡು. ಅದಕ್ಕೇ ಗಾರೆ ಹಿಡಿದಿಲ್ಲ.

ಜೊತೆಗೆ ಕೆಲಸ ಮಾಡುವ ಕೆಮಿಸ್ಟ್ ಹತ್ತಿಯಲ್ಲಿ ಒರೆಸಿ ಪರೀಕ್ಷೆ ಮಾಡಿದಳು. "ಅಂಗೈ ಬೆವರು" ಎಂದಳು. "ದೀಪದ ಎಣ್ಣೆ ಅಲ್ಲ, ಹೊಗೆ ಅಲ್ಲ. ಕೈ. ತುಂಬ ಕೈ."

ಫೆಬ್ರವರಿ ೨೭, ಶುಕ್ರವಾರ

ಈ ಕಲೆ ತಲೆಯಿಂದ ಇಳಿಯುತ್ತಿಲ್ಲ. ಒಂದು ಪದರದವರು ಮುಟ್ಟಿದ್ದನ್ನು ಮುಂದಿನವರು ನೋಡಿರಲು ಸಾಧ್ಯವಿಲ್ಲ, ಗಾರೆ ಮುಚ್ಚಿತ್ತು. ಹೇಳಿಕೊಟ್ಟಿರಲೂ ಸಾಧ್ಯವಿಲ್ಲ, ಹಿಂದಿನವರು ಊರಲ್ಲೇ ಉಳಿದಿರಲಿಲ್ಲ. ಆದರೂ ನಾಲ್ಕು ಮತದವರು, ಇಷ್ಟು ದೊಡ್ಡ ಗೋಡೆಯಲ್ಲಿ, ಅದೊಂದೇ ಜಾಗಕ್ಕೆ ಕೈಯಿಟ್ಟಿದ್ದಾರೆ. ಚಿತ್ರವಿರುವ ಕಡೆ ಅಲ್ಲ, ಅಕ್ಷರವಿರುವ ಕಡೆ ಅಲ್ಲ. ಏನೂ ಇಲ್ಲದ ಕಡೆ.

ಪರಸ್ಪರ ಮಾತಾಡಿಕೊಳ್ಳದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಕಿವಿಗೊಡಬೇಕು. ಅಕ್ಕ ತರಗತಿಯಲ್ಲಿ ಹೇಳುತ್ತಿದ್ದ ನಿಯಮ ಇದು. ಇಲ್ಲಿ ನಾಲ್ವರಿದ್ದಾರೆ.

ಸಂಜೆ ಆಸ್ಪತ್ರೆಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅಂಗೈಯನ್ನು ಮಂಚದ ಹಿಂದಿನ ಗೋಡೆಗೆ ಇಟ್ಟು ತೋರಿಸಿದೆ. ಅವಳ ಕಣ್ಣು ನನ್ನ ಕೈಯ ಹಿಂದೆಯೇ ಹೋಯಿತು. ಆಮೇಲೆ ದಿಂಬಿಗೊರಗಿ, ಪರೀಕ್ಷೆಯ ಉತ್ತರಪತ್ರಿಕೆ ಹಿಂದಿರುಗಿಸುವಾಗ ಇರುತ್ತಿದ್ದ ಮುಖ ಮಾಡಿ, "ಛತ್ರಿ" ಎಂದಳು.

"ಗೆದ್ದೆ ಅಂತ ಹೇಳ್ತಿದಾಳೆ" ಎಂದರು ಭಾವ.

ನನಗೂ ಹಾಗೇ ಕೇಳಿಸಿತು. ನಾನು ಸೋತೆನೇ? ಸೋತವನಿಗೆ ಇಷ್ಟು ಹಗುರ ಅನ್ನಿಸಬಾರದು.

ಮಾರ್ಚ್ ೩, ಮಂಗಳವಾರ

ಮಾತು ಕಲಿಸುವ ಥೆರಪಿಸ್ಟ್ ಬರತೊಡಗಿದ್ದಾಳೆ. ಸಣ್ಣ ವಯಸ್ಸು, ಸಣ್ಣ ದನಿ, ಮುಲಾಜಿಲ್ಲ. ಭಾವ ಅವಳಿಗೆ ಮಾತಿನ ಟೀಚರ್ ಎಂದು ಹೆಸರಿಟ್ಟಿದ್ದಾರೆ. ನಮ್ಮಿಬ್ಬರನ್ನೂ ಕಾರಿಡಾರಿಗೆ ಕರೆದು ಬೈದಳು.

"ಅವರು ಏನೋ ಹೇಳ್ತಾರೆ, ನೀವು ಅರ್ಥ ಹಚ್ತೀರಿ. ನೀರು ಅಂದ್ಕೊಂಡು ನೀರು ಕೊಡ್ತೀರಿ, ಅವರು ಕುಡೀತಾರೆ. ನೀವು ಸರಿಯಾಗಿ ಊಹಿಸಿದ್ರೋ, ಅವರು ಸುಮ್ಮನೆ ಒಪ್ಪಿಕೊಂಡ್ರೋ? ಹೇಗೆ ಗೊತ್ತು ನಿಮಗೆ?"

"ಅವಳ ಮುಖ ನೋಡಿದ್ರೆ ಗೊತ್ತಾಗತ್ತೆ" ಎಂದರು ಭಾವ.

"ಮುಖಾನೂ ನೀವೇ ಓದೋದಲ್ವಾ ಸರ್?"

ಭಾವ ಕನ್ನಡಕ ತೆಗೆದರು.

"ಇನ್ನು ಮೇಲೆ ಛತ್ರಿ ಅಂದ್ರೆ ಉತ್ತರ ಕೊಡಬೇಡಿ. ಸುಮ್ಮನಿರಿ. ಅಲ್ಲೇ ಇರಿ, ಆದ್ರೆ ಸುಮ್ಮನಿರಿ. ಎಲ್ಲಾ ಸಿಕ್ಕಿಬಿಟ್ರೆ ಬೇರೆ ಮಾತು ಯಾಕೆ ಹುಡುಕ್ತಾರೆ?"

ಕೆಮಿಸ್ಟಿಗೆ ಇದನ್ನು ಹೇಳಿದೆ. ಅವಳು ಕಲೆಯ ಕಡೆ ಗದ್ದದಿಂದ ತೋರಿಸಿ, "ನೀವು ಇಲ್ಲಿ ಮಾಡ್ತಿರೋದೂ ಅದೇ" ಎಂದಳು. "ಕಲೆ ಹೇಳೋದು ಕೈ ಇತ್ತು ಅಂತ. ಉಳಿದಿದ್ದು ನೀವು ಸೇರಿಸಿದ್ದು." ಒಪ್ಪಿದೆ. ಒಪ್ಪಿದ ಮೇಲೂ ಹೋಗಿ ನೋಡಿದೆ.

ಮಾರ್ಚ್ ೧೦, ಮಂಗಳವಾರ

ಛತ್ರಿ ಎಂದಳು. ಸುಮ್ಮನಿದ್ದೆವು.

ಮಾರ್ಚ್ ೧೧, ಬುಧವಾರ

ನಿನ್ನೆಯದನ್ನು ಬರೆಯಲಾಗಲಿಲ್ಲ. ಇವತ್ತೂ ಬೆಳಿಗ್ಗೆಯಿಂದ ಅದೇ. ಅವಳು ಕೇಳುತ್ತಾಳೆ, ಇಬ್ಬರು ಗಂಡಸರು ಅಲ್ಲೇ ಕೂತು ಕೇಳಿಸದವರ ಹಾಗೆ ನಟಿಸುತ್ತೇವೆ. ಒಮ್ಮೆ ನನ್ನ ಕಡೆ ನೋಡಿ ಅಂದಳು. ಒಮ್ಮೆ ಭಾವನ ಕಡೆ. ಆಮೇಲೆ ಮಾಡಿನ ಕಡೆ. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು: ಇಲ್ಲೇ ಇದ್ದೀರಲ್ಲ, ಮತ್ತೇಕೆ? ಅಮ್ಮ ಹೋದಮೇಲೆ ನನ್ನನ್ನು ಬೆಳೆಸಿದ್ದು ಇವಳು. ನಾನು ಕೇಳಿದ್ದಕ್ಕೆ ಇವಳು ಓಗೊಡದಿದ್ದ ದಿನ ನೆನಪಿಲ್ಲ.

ಹನ್ನೊಂದರ ಸುಮಾರಿಗೆ ಎಡಗೈಯಲ್ಲಿದ್ದ ಚಮಚ ಎಸೆದಳು. ಭಾವ ಎದ್ದು ಹೊರಗೆ ಹೋದರು. ನಾನು ಚಮಚ ಎತ್ತಿಟ್ಟು ಮತ್ತೆ ಕೂತೆ. ಅವಳು ಬಾಯನ್ನು ಏನೇನೋ ಮಾಡಿದಳು. ತುಟಿ ಒತ್ತಿದಳು, ನಾಲಗೆಯನ್ನು ಹಲ್ಲಿಗೆ ತಂದಳು. ಬಾಗಿಲ ಬೀಗಕ್ಕೆ ಒಂದೊಂದೇ ಕೀ ಹಾಕಿ ನೋಡುವವರ ಹಾಗೆ. ಕೊನೆಗೆ ಒಂದು ಬಂತು.

"ನೀರು."

ಭಾವ ಹೊರಗಿನಿಂದ ಓಡಿ ಬಂದರು. ಲೋಟದಲ್ಲಿ ನೀರು ಕೊಟ್ಟೆವು. ತಳ್ಳಿದಳು. "ನೀರು" ಎಂದಳು, ಕಿಟಕಿಯತ್ತ ನೋಡುತ್ತ. ಬಿಸಿಲು ಅವಳ ಮುಖಕ್ಕೆ ಬೀಳುತ್ತಿತ್ತು. ಪರದೆ ಎಳೆದೆ. "ನೀರು" ಎಂದಳು, ತೃಪ್ತಿಯಿಂದ.

"ತಪ್ಪು ಪದ" ಎಂದೆ ಟೀಚರಿಗೆ.

"ಹೊಸ ಪದ" ಎಂದಳು ಅವಳು. ಮೊದಲ ಸಲ ನಕ್ಕಳು.

ಅಕ್ಕನಿಗೆ ಮಾತು ಬರುತ್ತಿದ್ದರೆ ಇದರಿಂದ ಏನು ತೆಗೆಯುತ್ತಿದ್ದಳು ಎಂದು ಗೊತ್ತು: ಸುಮ್ಮನಿರುವುದೆಂದರೆ ಇಲ್ಲದಿರುವುದಲ್ಲ, ಎನ್ನುತ್ತಿದ್ದಳು. ಅವಳ ಪರವಾಗಿ ನಾನು ಆ ಮಾತನ್ನು ಆಡುವುದಿಲ್ಲ. ನಾವು ಸುಮ್ಮನಿದ್ದದ್ದು ಟೀಚರ್ ಹೇಳಿದ್ದಕ್ಕೆ. ಇಷ್ಟು ಮಾತ್ರ ಬರೆಯುತ್ತೇನೆ: ಸುಮ್ಮನಿದ್ದವರಿಗೂ ಅದು ಸುಲಭವಾಗಿರಲಿಲ್ಲ.

ಮಾರ್ಚ್ ೧೯, ಗುರುವಾರ

ಅಕ್ಕ ಮನೆಗೆ ಬಂದಳು. ನಾನೂ ಸದ್ಯಕ್ಕೆ ಅವರ ಮನೆಯಲ್ಲೇ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ನಡುಮನೆಯ ಗೋಡೆಗೆ ಎಡಗೈ ಊರಿ ನಡೆಯಲು ಕಲಿಯುತ್ತಿದ್ದಾಳೆ. ಎಣ್ಣೆ ಹಚ್ಚಿ ಮಾಲೀಸು ಮಾಡಿದ ಕೈ. ಆಗಲೇ ಗೋಡೆಯ ಮೇಲೆ ಮಬ್ಬು ಪಟ್ಟಿ ಮೂಡುತ್ತಿದೆ. ಹೋದ ವರ್ಷ ತಾನೇ ಬಣ್ಣ ಹೊಡೆಸಿದ್ದು, ಭಾವ ನೋಡಿ ಲೊಚಗುಟ್ಟಿದರು.

"ನಿನ್ನ ಹತ್ರ ಇದಕ್ಕೆಲ್ಲ ಏನೋ ಲೋಷನ್ ಇರಬೇಕಲ್ಲ?"

"ಇದೆ" ಎಂದೆ. "ತರೋದಿಲ್ಲ."

ಆಗಾಗ ನಿಂತು, ಗೋಡೆಗೆ ಒರಗಿ, ನನ್ನನ್ನು ನೋಡಿ ಹುಬ್ಬೇರಿಸುತ್ತಾಳೆ. ಮಂದಿರದ ಗೋಡೆಯ ಸುದ್ದಿ ಏನು ಎಂದು. ನಾನು ಊಹಿಸುತ್ತಿದ್ದೇನೆ, ಹೌದು. ಆದರೆ ಬೇರೆ ಯಾವ ಸುದ್ದಿ ಹೇಳಿದರೂ ಹುಬ್ಬು ಇಳಿಯುವುದಿಲ್ಲ. ಭಾವ ಹೇಳಿದರು: "ಆ ಗೋಡೆಗೋಸ್ಕರ ಕಣೋ ಎದ್ದು ಓಡಾಡ್ತಿರೋದು. ಅಲ್ಲಿಗೆ ಹೋಗಬೇಕು ಅಂತ ಇದೆ ಅವಳಿಗೆ. ಟೀಚರ್ ನಡೀರಿ ಅಂದ್ರೆ ನಡೆಯಲ್ಲ, ನಾನು ಗೋಡೆ ಅಂದ್ರೆ ಎರಡು ಹೆಜ್ಜೆ ಜಾಸ್ತಿ ಇಡ್ತಾಳೆ."

ಮಾರ್ಚ್ ೨೬, ಗುರುವಾರ

ಎಡವಿದೆ.

ಕೆಲಸ ಹಿಡಿದ ಮೊದಲ ದಿನವೇ ನಾವು ನೆಲದ ಮೇಲೆ ದಪ್ಪ ಕಂಬಳಿ ಹಾಸಿ ಹಲಗೆ ಜೋಡಿಸುತ್ತೇವೆ. ಹಳೆಯ ನೆಲಕ್ಕೆ ನಮ್ಮ ಏಣಿಯ ಗೀರು ಬೀಳಬಾರದು. ಮುಖ್ಯ ಬಾಗಿಲಿಗೆ ಮೊಳೆ ಹೊಡೆದಿತ್ತು, ಪಕ್ಕದ ಬಾಗಿಲಲ್ಲೇ ಓಡಾಟ. ನಾಲ್ಕು ತಿಂಗಳಿನಿಂದ ಆ ನೆಲವನ್ನು ಎಷ್ಟು ಜೋಪಾನ ಮಾಡಿದೆವೆಂದರೆ ಅದರ ಮೇಲೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಇವತ್ತು ನೆಲದ ಅಳತೆಗೆಂದು ಹಲಗೆ ಎತ್ತಿದರು. ಮುಖ್ಯ ಬಾಗಿಲು ತೆರೆಸಿದರು. ನಾನು ಸುಣ್ಣದ ಬಕೆಟ್ ಹಿಡಿದು ಹೊರಗಿನಿಂದ ಬಂದೆ. ಹೊಸ್ತಿಲು ದಾಟಿದ ಕೂಡಲೇ ಒಂದು ಮೆಟ್ಟಿಲು ಇಳಿಯಬೇಕು. ಆ ಮೆಟ್ಟಿಲ ಕಲ್ಲು ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ತಗ್ಗಿದೆ. ಕಾಲು ಅಂದುಕೊಂಡ ಕಡೆ ನೆಲ ಸಿಗಲಿಲ್ಲ. ಬಕೆಟ್ ಹಾರಿತು. ಬಲಗೈ ತಾನಾಗಿ ಚಾಚಿ ಗೋಡೆಗೆ ಹೋಯಿತು, ಪಟ್ಟೆಂದು, ಅಂಗೈ ಪೂರ್ತಿ.

ಕೈಯ ಕೆಳಗೆ ಕಾಗದ ಮೆತ್ತಗಾಯಿತು. ಕಲೆಯ ರಕ್ಷಣೆಗೆ ನಾವೇ ಅಂಟಿಸಿದ್ದ ತೆಳು ಕಾಗದ.

ಕೆಮಿಸ್ಟ್ ಏಣಿಯ ಮೇಲಿನಿಂದ ಎಲ್ಲ ನೋಡಿದಳು. ಆಮೇಲೆ ಇಳಿದು ಬಂದು ತಾನೂ ಹೊರಗೆ ಹೋಗಿ ಒಳಗೆ ಬಂದಳು. ಗೊತ್ತಿದ್ದೂ ಎಡವಿದಳು. ಗೊತ್ತಿದ್ದೂ ಅಲ್ಲೇ ಕೈಯಿಟ್ಟಳು.

"ಬಿತ್ತು ನೋಡಿ ನಿಮ್ಮ ನಾಲ್ಕು ಸಾಕ್ಷಿ" ಎಂದಳು. ಕುಟುಕುವ ದನಿಯಲ್ಲಿ ಅಲ್ಲ.

ಮಾರ್ಚ್ ೨೭, ಶುಕ್ರವಾರ

ಲೆಕ್ಕ ಸರಳ. ನಾಲ್ಕು ಕಾಲದ ಜನ ಒಂದೇ ಜಾಗ ಮುಟ್ಟಿದ್ದು ಯಾರೋ ಕರೆದರೆಂದಲ್ಲ, ಕಾಲು ತಪ್ಪಿತೆಂದು. ಅವರವರ ದೇವರು ಬೇರೆ, ಎಡವಿದ ಕಲ್ಲು ಒಂದೇ. ಸಾಕ್ಷಿಗಳು ಮಾತಾಡಿಕೊಂಡಿರಲಿಲ್ಲ, ನಿಜ. ಆದರೆ ಎಲ್ಲರ ಕಾಲೂ ಒಂದೇ ಬಗೆಯದು ಎಂಬುದನ್ನು ನಾನು ಮರೆತಿದ್ದೆ. ಇಷ್ಟು ಜನ ಇಷ್ಟು ಕಾಲ ಕೂಗಿದ್ದು ಇದರಿಂದಲೇ ಇರಬಹುದು: ಎಲ್ಲರೂ ಎಲ್ಲೋ ಒಂದು ಕಡೆ ಕಾಲು ತಪ್ಪುತ್ತಾರೆ, ಸಾವಿನಲ್ಲೋ, ಕಾಯಿಲೆಯಲ್ಲೋ, ಮಗುವಿನ ಜ್ವರದಲ್ಲೋ. ಕೂಗು ಆಗ ಹೊರಡುತ್ತದೆ. ಕೂಗು ಇತ್ತೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಕೇಳಿಸಿಕೊಂಡವರು ಇದ್ದರೆಂಬುದಕ್ಕೆ ಅಲ್ಲ.

ಇದನ್ನು ಅಕ್ಕನಿಗೆ ಹೇಳಬೇಕೇ?

ಭಾವ ಬೇಡ ಎಂದರು. ಅಡುಗೆಮನೆಯಲ್ಲಿ, ನಲ್ಲಿ ತಿರುಗಿಸಿಟ್ಟು, ಅವಳಿಗೆ ಕೇಳದಂತೆ. "ನಿನಗೆ ಅದು ವಿಷಯ. ಅವಳಿಗೆ ಊರುಗೋಲು. ಕಿತ್ತುಕೋಬೇಡ."

"ಸುಳ್ಳು ಊರುಗೋಲಾದ್ರೆ?"

"ಬೀಳದೆ ಇದ್ದಾಳಲ್ಲ."

ಆದರೆ ಪರೀಕ್ಷೆಯಲ್ಲಿ ಆಧಾರವಿಲ್ಲದೆ ಚೆಂದವಾಗಿ ಬರೆದವರಿಗೆ ಸೊನ್ನೆ ಕೊಡುತ್ತಿದ್ದವಳು ಅಕ್ಕ. ಮಾತಿಲ್ಲದವಳಿಗೆ ನಿಜ ಹೇಳದಿರುವುದು ಅವಳನ್ನು ತರಗತಿಯಿಂದ ಹೊರಗಿಟ್ಟ ಹಾಗೆ. ಹೇಳಿದರೆ ಅವಳು ಮಂಚಕ್ಕೆ ಮರಳಿ ಗೋಡೆಯ ಕಡೆ ತಿರುಗಿ ಮಲಗಿಬಿಡಬಹುದು. ಟೀಚರ್ ಹೇಳಿದ್ದಾಳೆ, ಈ ವಾರಗಳಲ್ಲಿ ಬಂದಷ್ಟೇ ಬಂತು, ಆಮೇಲೆ ಬಹಳ ನಿಧಾನ.

ಮಾರ್ಚ್ ೨೯, ಭಾನುವಾರ

ಹೇಳಿದೆ.

ಬೆಳಿಗ್ಗೆ ಅವಳು ಕುರ್ಚಿಯಲ್ಲಿ ಕೂತಿದ್ದಳು. ಭಾವ ನನ್ನ ಮುಖ ನೋಡಿಯೇ ತಿಳಿದುಕೊಂಡರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ನಾನು ಏನನ್ನೂ ಬಿಡದೆ ಹೇಳಿದೆ: ಹಲಗೆ, ಬಾಗಿಲು, ತಗ್ಗಿದ ಕಲ್ಲು, ಬಕೆಟ್. ಕೆಮಿಸ್ಟ್ ಎರಡನೆಯ ಸಲ ಎಡವಿದ್ದು. ಮೈಮೇಲೆಲ್ಲ ಸುಣ್ಣ ಚೆಲ್ಲಿಕೊಂಡು ನಾನು ಗೋಡೆಗೆ ಅಂಟಿಕೊಂಡು ನಿಂತದ್ದು.

ಕೇಳುತ್ತ ಕೇಳುತ್ತ ಅಕ್ಕನ ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ಬಲತುದಿ ಬರಲಿಲ್ಲ. ಭುಜ ಕುಲುಕಿತು. ನಗುತ್ತಿದ್ದಾಳೆ ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾಯಿಲೆಯ ನಂತರ ಮೊದಲ ನಗು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡಳು. ಆಮೇಲೆ ಆ ಕೀಗೊಂಚಲಿನ ಕೆಲಸ ಶುರುವಾಯಿತು: ತುಟಿ, ನಾಲಗೆ, ಹಲ್ಲು. ನಾವು ಸುಮ್ಮನಿದ್ದೆವು.

"ಗೋ… ಗೋಡೆ" ಎಂದಳು. ಉಸಿರು ತೆಗೆದುಕೊಂಡಳು. "ಗೋಡೆ. ಇತ್ತು."

ಭಾವ ಎದ್ದೇಬಿಟ್ಟರು. "ನಡೀಬೇಕಂತೆ. ಗೋಡೆ ಹತ್ರ ಕರ್ಕೊಂಡು ಹೋಗು ಅಂತಿದಾಳೆ."

ನನಗೆ ಕೇಳಿಸಿದ್ದು ಅದಲ್ಲ. ಎಡವಿದರು, ಸರಿ. ಕೈ ಚಾಚಿದರು, ಸರಿ. ಚಾಚಿದ ಕಡೆ ಗೋಡೆ ಇತ್ತಲ್ಲ. ನನ್ನ ಲೆಕ್ಕದಲ್ಲಿ ಕಲ್ಲು ಬಂತು, ಕಾಲು ಬಂತು, ಕೈ ಬಂತು. ಗೋಡೆ ಬಂದಿರಲಿಲ್ಲ, ಅದನ್ನು ಉಳಿಸುವುದೇ ನನ್ನ ಕಸುಬಾದರೂ.

ಯಾರ ಅರ್ಥ ಸರಿ? ಇಬ್ಬರೂ ನಮ್ಮದನ್ನು ಸೇರಿಸಿದ್ದೇವೆ ಎಂದು ಟೀಚರ್ ಹೇಳುತ್ತಾಳೆ. ಹೇಳಲಿ. ಇಬ್ಬರೂ ಒಂದೊಂದು ಕಡೆ ಹಿಡಿದು ಅವಳನ್ನು ಎಬ್ಬಿಸಿದೆವು. ಎಡಗೈ ಊರಿ ಬಚ್ಚಲವರೆಗೆ ಹೋಗಿ, ನಾವು ಬೇಡವೆಂದರೂ ಅಲ್ಲಿಂದ ಬಾಗಿಲವರೆಗೆ ಬಂದಳು.

ತಿರುಗಿ ಕೂರಿಸಿದ ಮೇಲೆ ಆ ಹಳೆಯ ಪ್ರಶ್ನೆ ಕೇಳಿದೆ. "ಅಕ್ಕ, ಅವತ್ತು ಫೋನಲ್ಲಿ, 'ಯಾರೂ ಇಲ್ಲ ಅಂತ ಹೇಗೆ ಹೇಳ್ತೀಯ' ಅಂದೆಯಾ?"

"ಛತ್ರಿ" ಎಂದಳು.

"'ಯಾರೋ ಇರಲೇಬೇಕು' ಅಂದೆಯಾ?"

"ಛತ್ರಿ."

ಎರಡೂ ಸಲ ಒಂದೇ ನಗು, ಎಡತುದಿಯಲ್ಲಿ. ಈ ಸಲ ಅದು ನನಗೇ ಬೈದದ್ದು ಎಂದು ಭಾವನ ಅಭಿಪ್ರಾಯ.

ಏಪ್ರಿಲ್ ೪, ಶನಿವಾರ

ಎರಡು ಪದ ಸೇರಿಸಿ ಹೇಳುತ್ತಾಳೆ. "ಬಿಸಿ ಬೇಡ." "ಭಾವ ಎಲ್ಲಿ", ತನ್ನ ಗಂಡನಿಗೇ ಭಾವ ಎನ್ನುತ್ತಾಳೆ, ನನ್ನಿಂದ ಎರವಲು ತಂದು. ಭಾವನಿಗೆ ಅದೇ ಹಬ್ಬ. "ಬಡ್ತಿ ಸಿಕ್ಕಿತು ಕಣೋ, ಛತ್ರಿಯಿಂದ ಭಾವ ಆದೆ."

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ, ಕ್ಲಿಪ್ಪು ಬಾಯಲ್ಲಿಟ್ಟುಕೊಂಡಿದ್ದಾಗ, ಒಳಗಿನಿಂದ ಅವಳು ನನ್ನನ್ನು ಬಾಲ್ಯದ ಅಡ್ಡಹೆಸರಿನಿಂದ ಕರೆದದ್ದು ಕೇಳಿಸಿತು. ಸ್ಪಷ್ಟವಾಗಿ. ಒದ್ದೆ ಟವೆಲ್ ಹಿಡಿದು ಹಾಗೇ ನಿಂತೆ. ಸಾಕು, ಬಹಳ ಉಪಕಾರವಾಯಿತು, ಎಂದೆ. ಕ್ಲಿಪ್ಪು ಬಾಯಲ್ಲಿದ್ದದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ.

ಮಂದಿರದ ವರದಿಯನ್ನು ತಿದ್ದಿ ಕಳಿಸಿದೆ. 'ಆರಾಧನೆಯ ಸ್ಪರ್ಶ' ಎಂದಿದ್ದ ಕಡೆ 'ಆಧಾರಕ್ಕಾಗಿ ಊರಿದ ಕೈಗಳ ಗುರುತು' ಎಂದು ಬರೆದಿದ್ದೇನೆ. ಕಲೆಯನ್ನು ಒರೆಸಬಾರದು, ಮೆಟ್ಟಿಲನ್ನು ಸಮ ಮಾಡಬಾರದು ಎಂದೂ ಸೇರಿಸಿದ್ದೇನೆ. ಕೆಮಿಸ್ಟ್ ಓದಿ ಸಹಿ ಹಾಕಿದಳು. ಆ ಕಲ್ಲು ಈಗ ನನಗೆ ಪೂರ್ತಿ ಪರಿಚಯ, ಎಡವುವುದಿಲ್ಲ. ಆದರೂ ಬರುವಾಗ ಹೋಗುವಾಗ ಕೈ ಗೋಡೆಗೆ ಹೋಗುತ್ತದೆ. ಬರೀ ಅಭ್ಯಾಸ.

ಏಪ್ರಿಲ್ ೧೧, ಶನಿವಾರ

ಅಕ್ಕನನ್ನು ಕರೆದುಕೊಂಡು ಹೋದೆವು.

ಭಾವ ಆ ಛತ್ರಿಯನ್ನೂ ತಂದಿದ್ದರು. ಬಿಸಿಲಿತ್ತು, ಮೊದಲ ಬಾರಿಗೆ ಅದು ತನ್ನ ಕೆಲಸ ಮಾಡಿತು. ಹೊಸ್ತಿಲಿನಲ್ಲಿ ನಿಂತು ಅಕ್ಕ ತಗ್ಗಿದ ಕಲ್ಲನ್ನು ನೋಡಿದಳು, ಆಮೇಲೆ ಬಲಗಡೆಯ ಗೋಡೆಯನ್ನು. ಬಲಗೈ ಎತ್ತಲು ಪ್ರಯತ್ನಿಸಿದಳು. ಅದು ಸೊಂಟದ ಮೇಲಕ್ಕೆ ಬರಲಿಲ್ಲ. ಇದನ್ನು ನಾನು ಯೋಚಿಸಿರಲೇ ಇಲ್ಲ. ಆ ಗೋಡೆ ಒಳಬರುವವರ ಬಲಗೈಗೆ, ಇವಳಲ್ಲಿರುವುದು ಎಡಗೈ. ನಾವಿಬ್ಬರೂ ಹಿಡಿದು ಇಳಿಸಿದೆವು. ಅವಳು ನಡುವೆ ಹಾಕಿದ ಸ್ಟೂಲಿನಲ್ಲಿ ಕೂತು ನಾಲ್ಕು ಪದರಗಳನ್ನೂ ನೋಡಿದಳು: ಕೆಂಪು ಅಂಚು, ಅಕ್ಷರ, ನಕ್ಷತ್ರ, ಬಿಳುಪು. ಉಳಿಯೇಟುಗಳನ್ನು ನೋಡಿ ನನ್ನ ಕಡೆ ತಿರುಗಿದಳು. ಗಾರೆ ಹಿಡೀಲಿ ಅಂತ ಅಕ್ಕ, ಎಂದೆ. ತಲೆಯಾಡಿಸಿದಳು.

ಹೊರಡುವಾಗ ಮೆಟ್ಟಿಲು ಹತ್ತಬೇಕು. ತಿರುಗಿದೆವು. ಈಗ ಅದೇ ಗೋಡೆ ಅವಳ ಎಡಕ್ಕಿತ್ತು.

ನನ್ನ ಕಸುಬಿನಲ್ಲಿ ಇದಕ್ಕೆ ಅನುಮತಿಯಿಲ್ಲ. ಕೆಮಿಸ್ಟ್ ಇವತ್ತು ರಜೆಯಿದ್ದರೂ ಬಂದಿದ್ದಳು. ಅವಳು ಮಾಡಿನಲ್ಲಿ ಏನೋ ಬಿರುಕು ಕಂಡವಳಂತೆ ಕತ್ತೆತ್ತಿ ಅದನ್ನೇ ನೋಡುತ್ತ ನಿಂತಳು. ನಾನು ತೆಳು ಕಾಗದದ ತುದಿ ಹಿಡಿದು ಬಿಡಿಸಿದೆ.

ಅಕ್ಕ ಕಲ್ಲಿನ ಮೇಲೆ ಕಾಲಿಟ್ಟಳು. ವಾಲಿದಳು. ಭಾವ ಹಿಡಿಯಲು ಹೋದರು; ಅವರ ತೋಳನ್ನು ನಾನು ತಡೆದೆ. ಯಾಕೆ ತಡೆದೆನೋ ಗೊತ್ತಿಲ್ಲ. ಅವಳ ಎಡಗೈ ಚಾಚಿತು. ಅಂಗೈ ಕಲೆಯ ಮೇಲೆ ಪೂರ್ತಿಯಾಗಿ ಕೂತಿತು. ದೇಹದ ಭಾರವೆಲ್ಲ ಅದರ ಮೇಲೆ ಬಿತ್ತು. ಗೋಡೆ ತಡೆಯಿತು. ಹತ್ತಿದಳು.

ಮೇಲೆ ನಿಂತು ಅಂಗೈ ತಿರುಗಿಸಿ ನೋಡಿಕೊಂಡಳು. ಸುಣ್ಣದ ಪುಡಿ ಹತ್ತಿತ್ತು. ಒರೆಸಿಕೊಳ್ಳಲಿಲ್ಲ.

ಈಗ ಮನೆಯಲ್ಲಿ ಎಲ್ಲರಿಗೂ ಮಧ್ಯಾಹ್ನದ ನಿದ್ದೆ. ಜೇಬು ತಡಕಿದರೆ ಅವತ್ತು ಉಳಿದ ಥ್ಯಾಂಕ್ಸ್ ಇಲ್ಲ. ಎಲ್ಲಿ, ಯಾರಿಗೆ ಕೊಟ್ಟೆನೋ ನೆನಪಾಗುತ್ತಿಲ್ಲ. ನಡುಮನೆಯ ಗೋಡೆಯ ಪಟ್ಟಿ ದಿನದಿನಕ್ಕೆ ಗಾಢವಾಗುತ್ತಿದೆ. ನಾನು ಕೂತಲ್ಲಿಂದ ಅದು ಕಾಣುತ್ತದೆ. ಅದನ್ನು ನೋಡುತ್ತ ಆ ಮಂದಿರ ಕಟ್ಟಿದ ಮೊದಲ ಕೆಲಸಗಾರನನ್ನು ಯೋಚಿಸುತ್ತಿದ್ದೇನೆ. ಯಾವ ಪದರದಲ್ಲೂ ಅವನ ಹೆಸರಿಲ್ಲ. ಅವನು ಇದ್ದ ಎಂಬುದಕ್ಕೆ ಇರುವ ಆಧಾರ ಎರಡೇ: ಕಲ್ಲು, ಗೋಡೆ. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಕೇಳಬೇಕೆನ್ನಿಸುವುದು ಒಂದೇ.

ಅಯ್ಯಾ, ಮೆಟ್ಟಿಲನ್ನು ಅಷ್ಟು ತಗ್ಗಿಸಿ ಇಟ್ಟವನೂ, ಅದರ ಪಕ್ಕದಲ್ಲೇ ಕೈಗೆಟುಕುವಷ್ಟು ಹತ್ತಿರ ಗೋಡೆ ಎಬ್ಬಿಸಿದವನೂ, ಇಬ್ಬರೂ ನೀನೇನಾ?